ನಡುವೆ ನಿಂತವರನ್ನು ಎಣಿಸಬಾರದು

ಬುತ್ತಿಯ ಗಂಟನ್ನು ಎದೆಗವಚಿಕೊಂಡು ಮುಬಾಶಿರಾ ಓಣಿಯ ಬಾಯಲ್ಲಿ ನಿಂತಳು. ಎದುರಿಗೇ ಅಪ್ಪನ ಗಾದಿ ಅಂಗಡಿ. ಬಾಗಿಲ ಮುಂದೆ ಉರುಳಿ ಬಿದ್ದ ಹತ್ತಿಯ ಉಂಡೆ, ಗೋಡೆಗೆ ಒರಗಿಸಿದ ಎರಡು ಹೊಸ ಗಾದಿ, ಒಳಗೆ ನೆಲದ ಮೇಲೆ ಒಂದು ಮೊಣಕಾಲೂರಿ ದಬ್ಬಳ ಎಳೆಯುತ್ತಿದ್ದ ಅಪ್ಪ, ಎಲ್ಲ ಕಾಣುತ್ತಿತ್ತು. ದಬ್ಬಳ ಮೇಲೇಳುವಾಗ ಅಪ್ಪನ ಮೊಣಕೈ ಬೆಳಕಿಗೆ ಬಂದು ಮರಳಿ ನೆರಳಿಗೆ ಹೋಗುವುದೂ ಕಾಣುತ್ತಿತ್ತು. ಮೊದಲಾಗಿದ್ದರೆ ನಲವತ್ತೆರಡು ಹೆಜ್ಜೆ. ಈಗ ನಡುವೆ ಸೊಂಟದೆತ್ತರದ ಡಿವೈಡರು ಕಪ್ಪು ಹಳದಿ ಪಟ್ಟೆ ಬಳಿದುಕೊಂಡು ಸರ್ಕಲ್ಲಿನವರೆಗೆ ಮಲಗಿತ್ತು. ಅದನ್ನು ಕಟ್ಟುವಾಗ ಓಣಿಯ ಎದುರಿಗೆ ಇಬ್ಬರು ಒಟ್ಟಿಗೆ ಹಾಯುವಷ್ಟು ಸಂದು ಬಿಟ್ಟಿದ್ದರು. ನಾಲ್ಕು ತಿಂಗಳ ಹಿಂದೆ ಅದನ್ನೂ ಮುಚ್ಚಿದರು. ಮುಚ್ಚಿದ ಭಾಗದ ಸಿಮೆಂಟು ಇನ್ನೂ ಬಣ್ಣ ಕಾಣದೆ, ಹಳೆಯ ಗಾದಿಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ ಬೂದಿಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಓಣಿಯ ಕೆಂದುನಾಯಿಯೊಂದು ಇವತ್ತಿಗೂ ಆ ತೇಪೆಯ ಹತ್ತಿರ ಹೋಗಿ, ಮೂಗು ತಾಗಿಸಿ, ಯಾರಾದರೂ ತೆಗೆದಾರೆಂಬಂತೆ ಸ್ವಲ್ಪ ಹೊತ್ತು ನಿಂತು ತಿರುಗಿ ಬರುತ್ತಿತ್ತು. ಮುಬಾಶಿರಾಗೆ ಆ ನಾಯಿಯನ್ನು ನೋಡಲಾಗುತ್ತಿರಲಿಲ್ಲ.

ಉಳಿದವರೆಲ್ಲ ಡಿವೈಡರು ಹತ್ತಿ ಹಾರುತ್ತಿದ್ದರು. ಸಾಲಿ ಹುಡುಗಿಯರು ಪಾಟಿಚೀಲವನ್ನು ಮೊದಲು ಆಚೆ ಒಗೆದು ಆಮೇಲೆ ತಾವು ಹಾರುತ್ತಿದ್ದರು. ನಡುವಯಸ್ಸಿನ ಹೆಂಗಸರು ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಅತ್ತಿತ್ತ ನೋಡಿ, ನಾಚಿಕೆಯನ್ನು ನುಂಗಿ ಕಾಲೆತ್ತುತ್ತಿದ್ದರು. ಅವಳೊಬ್ಬಳೇ ಸರ್ಕಲ್ಲಿನವರೆಗೆ ಹೋಗಿ ಸುತ್ತಿ ಬರುತ್ತಿದ್ದಳು. ಹೋಗುವಾಗ ಮುನ್ನೂರ ಹದಿನೆಂಟು ಹೆಜ್ಜೆ, ಆಚೆ ಬದಿಯಿಂದ ಬರುವಾಗ ಮುನ್ನೂರ ಹನ್ನೊಂದು. ಆ ಏಳು ಹೆಜ್ಜೆ ಎಲ್ಲಿ ಹೋದವೆಂದು ಅವಳು ದಿನಾ ಯೋಚಿಸುತ್ತಿದ್ದಳು. ಎಣಿಸುವುದು ಈಗ ಅವಳಿಗೆ ರೋಗದಂತೆ ಅಂಟಿತ್ತು. ರೊಟ್ಟಿ ಬಡಿಯುವ ಸಪ್ಪಳ, ಮಸೀದಿಯ ಮೆಟ್ಟಿಲು, ಬಸ್ಸಿನ ಕಿಟಕಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತಿದ್ದಳು. ಎಣಿಸಬೇಕಾದಾಗ ಎಣಿಸದವಳು. "ಸುತ್ಯಾಕ ಹೋಗ್ತಿ, ಎಲ್ಲಾರಂಗ ಹತ್ತಿ ಇಳೀಬಾರದೇನು? ಅನ್ನ ಆರ್ತೈತಿ" ಎಂದು ಅವ್ವ ಅಬೇದಾಬಿ ಬೈದರೆ, "ನನಗ ಅಂಜಿಕಿ ಬರ್ತೈತವ್ವ" ಅನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಭತ್ತದ ಚೀಲ ತುಂಬಿದ ಲಾರಿಯೊಂದು ಮೈಯೆಲ್ಲ ನಡುಗುವಂತೆ ಹಾದುಹೋಯಿತು. ಇದ್ದ ಫುಟ್‌ಪಾತಿನ ಕಲ್ಲುಗಳನ್ನು ಕಿತ್ತು ರಸ್ತೆಗೆ ಸೇರಿಸಿಕೊಂಡ ಮೇಲೆ ನಡೆಯುವವರ ಪಾಲಿಗೆ ಉಳಿದದ್ದು ಗಟಾರದ ಮುಚ್ಚಳದಷ್ಟು ಅಗಲ. ಆ ಮುಚ್ಚಳದ ಮೇಲೆ ಮೋಟರ್‌ಸೈಕಲ್ಲು ನಿಲ್ಲಿಸುತ್ತಿದ್ದರು. ಬೇವಿನಮರ ಇದ್ದ ಜಾಗದಲ್ಲಿ ಈಗ ಅದರ ಬೊಡ್ಡೆಯೂ ಇಲ್ಲ, ಒಂದು ದೀಪದ ಕಂಬವಿತ್ತು. ಸಂದು ಮುಚ್ಚುವ ಮೊದಲೊಮ್ಮೆ ಆ ಮರದ ಕೆಳಗೇ ಅವಳು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವ್ವನ ಟ್ರಂಕಿನಿಂದ ಯಾರಿಗೂ ಹೇಳದೆ ತೆಗೆದ ಹಳೆಯ ಬುರ್ಖಾ, ಮುಖಕ್ಕೆ ನಕಾಬು, ತೊಡೆಯ ಮೇಲೆ ಫಾರಮ್ಮಿನ ಪ್ಯಾಡು. ಬಿ.ಎ. ಮುಗಿಸಿ ಎರಡು ವರ್ಷ ಡೈರಿ ಬರೆಯುವುದೊಂದನ್ನು ಬಿಟ್ಟು ಏನೂ ಮಾಡದೆ ಕೂತಿದ್ದವಳಿಗೆ ಸಿಕ್ಕ ಮೂರು ದಿನದ ಕೆಲಸ. ರಸ್ತೆ ದಾಟುವವರನ್ನು ಎಣಿಸುವುದು. "ಏನೋ ಸರ್ವೆ ಕಾಗದ ಬರಿಯೋದು" ಎಂದಷ್ಟೇ ಮನೆಯಲ್ಲಿ ಹೇಳಿದ್ದಳು. ರಸ್ತೆಯ ಗುತ್ತಿಗೆ ಹಿಡಿದ ಕಂಪನಿಯ ಕಡೆಯಿಂದ ಬಂದಿದ್ದಾತ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ ಹೇಳಿಕೊಟ್ಟಿದ್ದ: ಈ ಬದಿಯಿಂದ ಆ ಬದಿಗೆ ಪೂರ್ತಿ ದಾಟಿದವರಿಗೆ ಮಾತ್ರ ಒಂದು ಗೆರೆ, ಒಬ್ಬನೇ ಎರಡು ಸಲ ದಾಟಿದರೆ ಎರಡು ಗೆರೆ, ನಡುವೆ ನಿಂತವರನ್ನು ಎಣಿಸಬಾರದು. ಫಾರಮ್ಮಿನ ಕೆಳಗೆ ಹೆಸರಿಗೆ ಜಾಗವಿರಲಿಲ್ಲ. ಎಣಿಕೆದಾರರು, ಸಂಖ್ಯೆ ಏಳು. ಹೆಸರಿಲ್ಲವೆಂಬುದೇ ಅವಳಿಗೆ ಆ ದಿನ ಎಷ್ಟು ಹಿತವಾಗಿತ್ತು.

ಮೊದಲ ದಿನ ಹುಲಿಗಿ ಹುಣ್ಣಿಮೆ. ಅರ್ಧ ಊರು ನಸುಕಿನಲ್ಲೇ ಟ್ರ್ಯಾಕ್ಟರು, ಟಂಟಂ, ಬಸ್ಸು ಹತ್ತಿ ಹುಲಿಗೆಮ್ಮನ ಕಡೆ ಹೋಗಿಬಿಟ್ಟಿತ್ತು. ರಸ್ತೆ ತೊಳೆದಿಟ್ಟ ತಾಟಿನಂತೆ ಖಾಲಿ. ನೋಡುವ ಕಣ್ಣುಗಳು ಕಡಿಮೆ ಎಂಬ ನಿರಾಳದಲ್ಲಿ ಅವಳು ಎರಡು ತಾಸು ಎಣಿಸಿ, ಬಿಸಿಲು ಏರಿದಾಗ ಎದ್ದುಬಂದಿದ್ದಳು. ಎರಡನೆಯ ದಿನ ಊರು ತಿರುಗಿ ಬಂದಿತ್ತು. ಭತ್ತ ಕೊಯ್ಯುವ ಮಷೀನಿನ ಜೊತೆ ಬಂದಿದ್ದ ಮೂವರು ಚಹಾದ ಅಂಗಡಿಯ ಮುಂದೆ ನಿಂತು ಅವಳ ಪೆನ್ನಿನ ಓಡಾಟವನ್ನೇ ನೋಡುತ್ತಿದ್ದರು. ಒಬ್ಬ ರಸ್ತೆ ದಾಟಿದ. ಅವಳು ಗೆರೆ ಎಳೆದಳು. ಅವನು ತಿರುಗಿ ದಾಟಿ ಬಂದ. ಮತ್ತೊಂದು ಗೆರೆ. ಅವರಿಗೆ ಗೊತ್ತಾಗಿಬಿಟ್ಟಿತು. ಮೂವರೂ ಕೈ ಕೈ ಹಿಡಿದು ಆಚೆ ಹೋದರು, ಈಚೆ ಬಂದರು, ಆಚೆ ಹೋದರು. "ಈಗ ಎಷ್ಟಾತ್ರಿ ಮೇಡಂ? ಇವಂದು ಹಿಡದ್ರ್ಯಾ? ಇವ ದಪ್ಪ ಅದಾನ, ಎರಡು ಹಾಕ್ರಿ." ಚಹಾದ ಅಂಗಡಿಯವರೆಲ್ಲ ನಗತೊಡಗಿದರು. ಆಚೆ ಬದಿಯಲ್ಲಿ ಅಪ್ಪ ದಬ್ಬಳ ನಿಲ್ಲಿಸಿ ತಲೆಯೆತ್ತಿ ಇತ್ತ ನೋಡಿದ. ಮಗಳೆಂದು ತಿಳಿಯದೆ, ಯಾರದೋ ಮನೆಯ ಹುಡುಗಿಗೆ ಹೀಗೆ ಮಾಡುತ್ತಾರಲ್ಲ ಎಂಬ ಮುಖದಲ್ಲಿ. ಅವಳು ಕುರ್ಚಿಯನ್ನು ಅಲ್ಲೇ ಬಿಟ್ಟು ಎದ್ದು ನಡೆದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಹುಣ್ಣಿಮೆಯ ಆ ಎರಡು ತಾಸನ್ನೇ ಹಿಗ್ಗಿಸಿ, ಒಂದು ತಾಸಿಗೆ ಎರಡು ಕೂಡಿಸಿ, ಇನ್ನೊಂದಕ್ಕೆ ಮೂರು ಕಳೆದು, ಮೂರೂ ದಿನದ ಕಾಗದ ತುಂಬಿದಳು. ಅಕ್ಷರ ಚೆಂದ ಬರಬೇಕೆಂದು ಪೆನ್ನು ಸಹ ಬದಲಿಸಿದ್ದಳು.

ಸರ್ಕಲ್ಲು ಸುತ್ತಿ, ಮುನ್ನೂರ ಹನ್ನೊಂದನೆಯ ಹೆಜ್ಜೆಗೆ ಅಂಗಡಿಯ ಕಟ್ಟೆ ಮುಟ್ಟಿದಾಗ, ಅಲ್ಲಿ ಅಷ್ಟರೊಳಗೆ ಹಂಪವ್ವ ಬಂದು ಕೂತಿದ್ದಳು. ಮರಳಿ ಎಂಬ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಪುಂಡಿಪಲ್ಲೆ, ಮೆಂತೆ, ರಾಜಗಿರಿಯ ಬುಟ್ಟಿ ಹೊತ್ತು ಬಂದು, ಇದೇ ಬದಿಯಲ್ಲಿ ಇಳಿದು, ಸಂದು ಹಾಯ್ದು ಓಣಿಯ ಮನೆಮನೆಗೂ ಕೊಡುತ್ತಿದ್ದವಳು. ಸಂದು ಮುಚ್ಚಿದ ಹನ್ನೆರಡನೆಯ ದಿನ, ಬುಟ್ಟಿ ಹೊತ್ತೇ ಡಿವೈಡರು ಇಳಿಯುವಾಗ ಮೋಟರ್‌ಸೈಕಲ್ಲು ಗುದ್ದಿತ್ತು. ರಸ್ತೆಯ ತುಂಬ ಹಸಿರು ಚೆಲ್ಲಿತ್ತೆಂದು, ಬಸ್ಸಿನ ಗಾಲಿಗಳು ಅದರ ಮೇಲೇ ಹೋದವೆಂದು ಅವ್ವ ಹೇಳಿದ್ದಳು. ಆ ಸಂಜೆ ಮುಬಾಶಿರಾ ಡೈರಿಯಲ್ಲಿ ತಾರೀಖು ಬರೆದು ಮುಂದೆ ಏನೂ ಬರೆಯಲಾಗದೆ ಮುಚ್ಚಿದ್ದಳು. ಆ ಪುಟ ಈಗಲೂ ಹಾಗೇ ಇದೆ.

"ಬಾರವ್ವಾ, ಮುಬ್ಬಿ" ಎಂದಳು ಹಂಪವ್ವ. ಬಲಗಾಲು ಚಾಚಿಕೊಂಡಿದ್ದಳು, ಪಕ್ಕಕ್ಕೊಂದು ಬಡಿಗೆ. "ನೋಡು, ಮೂರು ತಿಂಗಳಿಗಿಂತ ಹೆಚ್ಚು ಮಲಗಿ ಮಲಗಿ ನಾನೂ ಗಾದಿ ಆಗೇನಿ. ನಿಮ್ಮಪ್ಪಗ ಅಂದೆ, ಸಾಬ್ರ, ನನ್ನನ್ನೂ ಒಂದ್ಸಲ ಬಿಚ್ಚಿ, ಹಿಂಜಿ, ಹೊಲದು ಕೊಡ್ರಿ ಅಂತ."

"ನಿನ್ನ ಹಿಂಜೂದು ಈ ಶಬ್ಬೀರಸಾಬನ ಕೈಲೆ ಆಗೂದಿಲ್ಲ ಹಂಪಕ್ಕಾ" ಎಂದ ಅಪ್ಪ ದಬ್ಬಳ ಬಾಯಿಂದ ತೆಗೆಯುತ್ತ. "ನಿನ್ನ ನಾಲಿಗಿಗೆ ನನ್ನ ಮಷೀನ ಮುರೀತೈತಿ."

"ನಾಲಿಗಿ ಒಂದ ಉಳದೈತಿ, ಅದನ್ನೂ ಮುರೀರಿ" ಎಂದು ನಕ್ಕು ಹಂಪವ್ವ ಮೆಂತೆಯ ಕಟ್ಟಿಗೆ ನೀರು ಚಿಮುಕಿಸಿದಳು. ಬುಟ್ಟಿ ಪೂರ್ತಿ ತುಂಬಿತ್ತು. ಆಚೆ ಓಣಿಯ ಬಾಯಲ್ಲಿ ಇಬ್ಬರು ಹೆಂಗಸರು ಕೈ ಬೀಸಿ ಏನೋ ಕೂಗಿದರು. "ನೀವ ಬರ್ರೇ! ನನ್ನ ಕಾಲು ದಾಟೂದಿಲ್ಲ ಅಂತೈತಿ!" ಎಂದು ಇವಳೂ ಕೂಗಿದಳು. ಹೆಂಗಸರು ಡಿವೈಡರನ್ನೊಮ್ಮೆ ನೋಡಿ, ನಕ್ಕು, ಒಳಗೆ ಹೋದರು. ಮೆಂತೆಯ ತುದಿಗಳು ಬಿಸಿಲಿಗೆ ಬಾಡುತ್ತಿದ್ದವು. ಆ ಬಾಡುವುದನ್ನು ನೋಡುತ್ತ ಮುಬಾಶಿರಾ ನಿಂತೇ ಇದ್ದಳು. ಒಂದು, ಎರಡು, ಒಟ್ಟು ಇಪ್ಪತ್ತಾರು ಕಟ್ಟು.

ಪಕ್ಕದ ಝೆರಾಕ್ಸ್ ಅಂಗಡಿಯ ವಿರುಪಾಕ್ಷಿ ಕೈಯಲ್ಲಿ ಕಾಗದ ಹಿಡಿದು ಬಂದ. ಸಂದು ಮತ್ತೆ ತೆಗೆಸಬೇಕೆಂದು ಓಣಿಯವರನ್ನೂ ಅಂಗಡಿಯವರನ್ನೂ ಒಟ್ಟುಗೂಡಿಸುತ್ತಿದ್ದವನು ಅವನೇ. "ತಂಗಿ ಬಂದ್ಲು, ಛಲೋ ಆತು. ಅರ್ಜಿ ನೀನ ಬರೀಬೇಕವಾ. ನಮ್ಮ ಓಣಿಯಾಗ ನಿನ್ನಂಥ ಅಕ್ಷರ ಯಾರದೂ ಇಲ್ಲ. ಆಫೀಸಿನಿಂದ ಸರ್ವೆ ಕಾಗದ ತೆಗೆಸೀನಿ, ನೋಡ್ರಿಲ್ಲೆ. ತಾಸಿಗೆ ಹತ್ತೊಂಬತ್ತು ಮಂದಿ ದಾಟ್ತಾರಂತ, ಅಷ್ಟಕ್ಕ ಸಂದ್ಯಾಕ ಅಂತ ಮುಚ್ಯಾರ! ಹತ್ತೊಂಬತ್ತು! ನಮ್ಮ ಸಾಬ್ರು ಚಹಾಕ್ಕ ಅಷ್ಟ ಸಲ ದಾಟತಿದ್ರು."

"ಸುಳ್ಳ ಹೇಳಬ್ಯಾಡಪಾ" ಎಂದ ಅಪ್ಪ. "ಹದಿನೆಂಟು."

ವಿರುಪಾಕ್ಷಿ ಜೋರಾಗಿ ನಕ್ಕ. ಮುಬಾಶಿರಾ ಬುತ್ತಿಯ ಗಂಟು ಬಿಚ್ಚತೊಡಗಿದಳು. ಸಡಿಲಾಗಿಯೇ ಕಟ್ಟಿದ್ದ ಗಂಟು ಬಿಚ್ಚಲು ಬರುತ್ತಿರಲಿಲ್ಲ. "ಯಾವನೋ ಮನ್ಯಾಗ ಫ್ಯಾನಿನ ಕೆಳಗ ಕುಂತು ಬರದಾನ" ಎಂದ ವಿರುಪಾಕ್ಷಿ. "ಮೂರು ದಿನಾನೂ ಒಂದ ಅಳತಿ. ಮನಶ್ಯಾರೇನು ಇವು, ಇಟ್ಟಂಗಿ ಏನು?"

"ಯಾವಾತ ಬರದಾನೋ, ಅವನ ಕಾಲೂ ಹಿಂಗ..." ಎಂದು ಹಂಪವ್ವ ಬಡಿಗೆ ಎತ್ತಿದವಳು ಅರ್ಧಕ್ಕೇ ನಿಂತಳು. ಬಡಿಗೆ ಕೆಳಗಿಳಿಯಿತು. "ಬ್ಯಾಡ ಬಿಡು. ಯಾರ ಮನೀ ಕೂಸೋ ಏನೋ. ಅದಕ್ಕೇನ ಗೊತ್ತು ನಾ ಬುಟ್ಟಿ ಹೊತ್ಕೊಂಡು ಬರ್ತೀನಿ ಅನ್ನೂದು."

ಶಾಪವನ್ನು ಪೂರ್ತಿ ಹಾಕಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಅನಿಸಿತು ಮುಬಾಶಿರಾಗೆ. ಅವಳು ನೀರಿನ ಕೊಡದತ್ತ ತಿರುಗಿದಳು. ಆಗಲೇ ಅಪ್ಪ ಕೈ ಚಾಚಿದ. "ಎಲ್ಲಿ, ನೋಡೂಣು ತಾ." ಅಪ್ಪನಿಗೆ ಓದಲು ಬರುವುದಿಲ್ಲ. ಕಾಗದವನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿದ. "ಸಾಬ್ರ, ತಲಿಕೆಳಗ ಹಿಡದೀರಿ" ಎಂದ ವಿರುಪಾಕ್ಷಿ. "ಸುಳ್ಳ ಕಾಗದ ಹೆಂಗ ಹಿಡದ್ರೂ ಸುಳ್ಳನ" ಎನ್ನುತ್ತ ಅಪ್ಪ ತಿರುಗಿಸಿದ. ಆಮೇಲೆ ಅವನ ಹೆಬ್ಬೆರಳು ಕಾಗದದ ಮೇಲೆ ಒಂದೇ ಕಡೆ ನಿಂತಿತು.

ಅಕ್ಷರ ಗೊತ್ತಿಲ್ಲದವನು ಇಷ್ಟು ವರ್ಷ ಅಂಗಡಿಯ ಚೌಕಟ್ಟಿನ ಮೇಲೆ ಗುರುತು ಹಾಕುತ್ತ ಬಂದಿದ್ದ. ನಾಲ್ಕು ನಿಂತ ಗೆರೆ, ಐದನೆಯದಕ್ಕೆ ಎಲ್ಲರಂತೆ ಅಡ್ಡಗೆರೆಯಲ್ಲ, ಬುಡದಲ್ಲೊಂದು ಸಣ್ಣ ಸೊನ್ನೆ, ಒಳಗೊಂದು ಚುಕ್ಕೆ. ಗಾದಿಯ ನಡುವೆ ಹತ್ತಿ ಸರಿಯದಂತೆ ಹಾಕುವ ಗಂಟಿನಂತೆ. ಎಷ್ಟು ಗಾದಿ ಹೊಲಿದೆ, ಎಷ್ಟು ದಿಂಬು ತುಂಬಿದೆ, ಎಲ್ಲವೂ ಗೆರೆ ಮತ್ತು ಗಂಟು. ಸಾಲಿಗೆ ಹೋಗುವ ಮೊದಲೇ, ಹತ್ತಿಯ ರಾಶಿಯ ಮೇಲೆ ಕೂರಿಸಿ ಅವನು ಮಗಳಿಗೆ ಕಲಿಸಿದ ಮೊದಲ ಬರಹ ಅದು. ಆಮೇಲೆ ಕಲಿತ ಅಕ್ಷರಗಳನ್ನು ಅವಳು ಬೇಕಾದಂತೆ ಬದಲಿಸಿಕೊಂಡಳು. ಗಂಟು ಮಾತ್ರ ಕೈಯಲ್ಲಿ ಹಾಗೇ ಉಳಿದಿತ್ತು, ತನಗೆ ತಿಳಿಯದಂತೆ. ಫಾರಮ್ಮಿನ ಉದ್ದಕ್ಕೂ ಗಂಟುಗಳು. ಊರಿಗೆಲ್ಲ ಅದು ಬರೀ ಗೆರೆ. ಈ ಕಾಗದವನ್ನು ನಿಜವಾಗಿ ಓದಬಲ್ಲವನು ಗಂಗಾವತಿಯಲ್ಲಿ ಒಬ್ಬನೇ ಇದ್ದ, ಅವನ ಕೈಗೇ ಅದು ಬಂದಿತ್ತು.

ಅಪ್ಪ ಅವಳ ಕಡೆ ನೋಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಕೆಳಗಿಟ್ಟುಕೊಂಡು, "ಇದು ಇಲ್ಲೇ ಇರಲಿ ವಿರುಪಾಕ್ಷಿ" ಎಂದ. ವಿರುಪಾಕ್ಷಿ ಅರ್ಜಿ ಹೇಳತೊಡಗಿದ, ಅವಳು ಬರೆದಳು. ಮಾನ್ಯರೇ, ಸದರಿ ಸಮೀಕ್ಷೆಯನ್ನು ಯಾರೋ ಬೇಜವಾಬ್ದಾರಿ ವ್ಯಕ್ತಿಯು ಸ್ಥಳಕ್ಕೆ ಬಾರದೆ ಕುಳಿತಲ್ಲಿಯೇ ಬರೆದಿದ್ದು... "ಬರದಿ? ಬೇಜವಾಬ್ದಾರಿ ಅನ್ನೂದು ಸ್ವಲ್ಪ ದಪ್ಪಗ ಬರಿ." ಅವಳು ದಪ್ಪಗೆ ಬರೆದಳು. ಪೆನ್ನಿನ ತುದಿ ಕಾಗದ ಹರಿದು ಕೆಳಗಿನ ರಟ್ಟಿಗೆ ತಾಗಿತು. "ಮನಿಗೆ ಒಯ್ದು ಚೆಂದಂಗಿ ಇನ್ನೊಂದು ಪ್ರತಿ ಮಾಡು. ನಾಲ್ಕಕ್ಕ ತಂದುಬಿಡು, ಇಲ್ಲೇ ಎಲ್ಲಾರ ಮುಂದ ಓದಿ ಸಹಿ ಹಾಕಸೂಣು" ಎಂದು ಹೇಳಿ ಅವನು ಹೋದ. ಹಂಪವ್ವ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

ಅಪ್ಪ ರೊಟ್ಟಿ ಮುರಿದ. ಎರಡು ತುತ್ತು ಉಂಡ ಮೇಲೆ, ತಾಟಿನ ಕಡೆ ನೋಡುತ್ತಲೇ, ಹಂಪವ್ವನಿಗೆ ಕೇಳಿಸದಂತೆ ಕೇಳಿದ. "ಎಷ್ಟು ದಿನ ಎಣಿಸಿದಿ?"

"ಒಂದ ದಿನ. ಎರಡು ತಾಸು."

"ಯಾವಾಗ?"

"ಹುಲಿಗಿ ಹುಣ್ಣಿವಿ ದಿನ."

ಅಪ್ಪ ಪಲ್ಲೆಯಲ್ಲಿ ರೊಟ್ಟಿ ಅದ್ದಿ ಹಾಗೇ ಹಿಡಿದುಕೊಂಡ. "ಅವತ್ತ ಊರಾಗ ಯಾರಿರ್ತಾರ ಮಗಳ?" ಎಂದ. ಸಿಟ್ಟಿರಲಿಲ್ಲ, ತೂಕ ತಪ್ಪಿದ ತಕ್ಕಡಿಯನ್ನು ನೋಡಿದವನ ಬೆರಗಿತ್ತು. ಆ ತುತ್ತು ನುಂಗಿ, "ಕುರ್ಚಿ ಬಿಟ್ಟು ಹೋದಾಕಿ ನೀನ ಏನು?" ಎಂದ. ಅವಳು ತಲೆಯಾಡಿಸಿದಳು. "ನಾ ಎದ್ದು ಬರಬೇಕಂತ ಮಾಡಿದ್ದೆ. ಯಾರ ಮಗಳೋ ಅಂತ ಸುಮ್ನ ಕುಂತೆ." ಕೈ ತೊಳೆದುಕೊಂಡು, ಬಟ್ಟೆಗೆ ಗುರುತು ಮಾಡುವ ಸೀಮೆಸುಣ್ಣ ಹುಡುಕಿ, ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ ನಿಂತ. ಒಬ್ಬ ಮುದುಕ ಡಿವೈಡರು ಹತ್ತಿ, ಕಾಲಲ್ಲಿ ನೆಲ ತಡಕಿ, ಈಚೆಗೆ ಇಳಿದ. ಅಪ್ಪ ಒಂದು ಗೆರೆ ಎಳೆದ. "ನಾ ಯಾರಿಗೂ ಹೇಳಂಗಿಲ್ಲ. ನಾ ಇಲ್ಲೆ ಎಣಸ್ತೀನಿ. ನೀ ನೋಡಿ ಬರಕೋ, ಹೊಸಾ ಕಾಗದ ಅಂತ ಕೊಟ್ಟುಬಿಡೂಣು."

ಮುನ್ನೂರ ಹನ್ನೊಂದು, ಮುನ್ನೂರ ಹದಿನೆಂಟು. ಮನೆಗೆ ಬಂದು, ಅರ್ಜಿಯನ್ನು ಮಣೆಯ ಮೇಲಿಟ್ಟುಕೊಂಡು ಅವಳು ಕೂತಳು. ನಾ ಯಾರಿಗೂ ಹೇಳಂಗಿಲ್ಲ. ಆ ಮಾತಿನೊಳಗೆ ಅವಳು ಹೊಸದಾಗಿ ಹೊಲಿದ ಗಾದಿಯೊಳಗಿನ ಹತ್ತಿಯಂತೆ ಬಿಗಿದುಹೋಗಿದ್ದಳು. ಇಷ್ಟು ದಿನ ಒಬ್ಬಳೇ ಇದ್ದಳು. ಒಬ್ಬಳೇ ಇರುವುದರಲ್ಲಿ ಓಡಾಡಲು ಒಂದಿಷ್ಟು ಜಾಗವಿತ್ತು. ಈಗ ಅಪ್ಪನೂ ಒಳಗೆ ಬಂದು ಕೂತು ಬಾಗಿಲು ಹಾಕಿಕೊಂಡಿದ್ದ. ಇನ್ನು ಪ್ರತಿದಿನ ಹಂಪವ್ವ ಆ ಕಟ್ಟೆಯ ಮೇಲೆ ಕಾಲು ಚಾಚಿ ನಗುತ್ತಾಳೆ, ಅಪ್ಪ ತಿರುಗಿ ನಗೆಯಾಡುತ್ತಾನೆ, ಆ ನಗೆಯ ಕೆಳಗೆ ನಾಲ್ಕು ಮಡಿಕೆಯ ಕಾಗದ. ಹಂಪವ್ವನ ಶಾಪ ಅರ್ಧಕ್ಕೇ ನಿಂತದ್ದು ಯಾರ ಮನೆಯ ಕೂಸಿನ ಮೇಲೆ ಕರುಣೆಯಿಂದಲೋ, ಆ ಮನೆಯ ಕಟ್ಟೆಯ ಮೇಲೇ ಅವಳು ಕೂತಿದ್ದಳು. "ಯಾರೋ" ಎಂಬ ಪದದ ಹತ್ತಿರ ಪೆನ್ನು ನಿಂತಿತು. ಎರಡೇ ಅಕ್ಷರ. ಎಷ್ಟು ಜನ ಅದರೊಳಗೆ ಬೇಕಾದರೂ ಅಡಗಬಹುದು. ಯಾರ ಮಗಳೋ ಅಂತ ಸುಮ್ನ ಕುಂತೆ. ಅವಳು ಆ ಹಾಳೆ ಪಕ್ಕಕ್ಕಿಟ್ಟು, ಡೈರಿಯಿಂದ ಹಾಳೆಯೊಂದನ್ನು ಕಿತ್ತಳು. ತಾರೀಖು ಮಾತ್ರ ಇದ್ದ ಆ ಹಾಳೆಯನ್ನೇ. ಅದರ ಕೆಳಗೆ ಬರೆದಳು. ಮಾನ್ಯರೇ, ಈ ರಸ್ತೆ ದಾಟುವವರನ್ನು ಎಣಿಸಿದವಳು ನಾನು, ಶಬ್ಬೀರಸಾಬರ ಮಗಳು ಮುಬಾಶಿರಾ. ನಾನು ಹುಲಿಗಿ ಹುಣ್ಣಿಮೆಯ ದಿನ ಎರಡು ತಾಸು ಮಾತ್ರ ಎಣಿಸಿದೆ. ಉಳಿದದ್ದನ್ನು ಮನೆಯಲ್ಲಿ ಬರೆದೆ. ಆ ಕಾರಣಕ್ಕೆ ಸಂದು ಮುಚ್ಚಿತು. ಈ ಸಲ ಅವಳ ಅಕ್ಷರ ಚೆಂದ ಬಂದಿರಲಿಲ್ಲ.

ನಾಲ್ಕಕ್ಕೆ ಓಣಿಯ ಬಾಯಿಗೆ ಬಂದಾಗ ಅಂಗಡಿಯ ಮುಂದೆ ಹತ್ತೋ ಹನ್ನೆರಡೋ ಮಂದಿ ಕೂಡಿದ್ದರು. ಚೌಕಟ್ಟಿನ ಮೇಲೆ ಬಿಳಿಯ ಗೆರೆಗಳು ಇಲ್ಲಿಂದಲೇ ಕಾಣುತ್ತಿದ್ದವು, ಅಪ್ಪನ ಹೆಗಲೆತ್ತರದಿಂದ ಹೊಸ್ತಿಲವರೆಗೆ. ಸುತ್ತಿ ಹೋದರೆ ಆರುನೂರ ಇಪ್ಪತ್ತೊಂಬತ್ತು ಹೆಜ್ಜೆ. ಅಷ್ಟರಲ್ಲಿ ಈ ಹಾಳೆ ಅಂಗೈಯಲ್ಲಿ ಬೆವತು ಮುದ್ದೆಯಾಗುತ್ತದೆ, ತಾನು ಬೇರೆ ಯಾವುದಾದರೂ ಯೋಚನೆ ಮಾಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ದುಪಟ್ಟಾ ಸೊಂಟಕ್ಕೆ ಬಿಗಿದು ನೇರ ನಡೆದಳು. ಒಂದು ಟಂಟಂ ಸರಿಯಿತು, ಒಂದು ಮೋಟರ್‌ಸೈಕಲ್ಲು ಬೈದು ಹೋಯಿತು. ತೇಪೆಯ ಸಿಮೆಂಟು ಬಿಸಿಲಿಗೆ ಸುಡುತ್ತಿತ್ತು. ಮೊಣಕಾಲೂರಿ ಹತ್ತಿದಳು. ಹತ್ತಿ ನಿಂತ ಮೇಲೆ ಆಚೆ ಬದಿ ನೋಡಿದರೆ ಹುಲಿಗಿ ಕಡೆಯ ಬಸ್ಸು, ಅದರ ಹಿಂದೆ ಭತ್ತದ ಲಾರಿಗಳು, ಅವುಗಳ ಹಿಂದೆ ರಸ್ತೆಯನ್ನೆಲ್ಲ ತುಂಬಿಕೊಂಡು ಬರುತ್ತಿದ್ದ ಕೊಯ್ಯುವ ಮಷೀನು. ಇಳಿಯಲು ಜಾಗವಿರಲಿಲ್ಲ. ತಿರುಗಿ ನೋಡಿದಳು. ಹಿಂದೆಯೂ ಗಾಡಿಗಳ ಸಾಲು ಕೂಡಿಕೊಂಡಿತ್ತು. ಒಂದು ಗೇಣು ಅಗಲದ ಸಿಮೆಂಟಿನ ಮೇಲೆ, ಮುಖಕ್ಕೆ ಏನೂ ಇಲ್ಲದೆ, ಎರಡೂ ಬದಿಯ ಅಂಗಡಿಗಳ ಕಣ್ಣೆದುರು ಅವಳು ಎಲ್ಲರಿಗಿಂತ ಎತ್ತರದಲ್ಲಿ ನಿಂತಿದ್ದಳು. ಕೆಂದುನಾಯಿ ಕೆಳಗೆ ಬಂದು ಅವಳನ್ನೇ ನೋಡುತ್ತಿತ್ತು.

"ಯವ್ವಾ, ಅಲ್ಲೇ ನಿಂದ್ರು! ಇಳೀಬ್ಯಾಡ!" ಹಂಪವ್ವ ಬಡಿಗೆ ಎತ್ತಿ ಕೂಗಿದಳು.

"ಸಿಕ್ಕೊಂಡ್ಲು ನೋಡ್ರಿ ನಮ್ಮ ತಂಗಿ!" ಎಂದ ವಿರುಪಾಕ್ಷಿ, ಬಾಯಿಗೆ ಕೈ ಅಡ್ಡ ಹಿಡಿದು. "ಮಷೀನ ಹೋಗೂತನಕ ಅಲ್ಲಿಂದನ ಓದವಾ! ಸ್ಟೇಜ್ ಛಲೋ ಸಿಕ್ಕೈತಿ!" ಎಲ್ಲರೂ ನಕ್ಕರು. ಅಪ್ಪನೊಬ್ಬ ನಗಲಿಲ್ಲ. ಅವಳ ಕೈಯಲ್ಲಿದ್ದದ್ದು ಮಧ್ಯಾಹ್ನದ ಬಿಳಿ ಹಾಳೆಯಲ್ಲ, ಗೆರೆಗೆರೆಯ ಹಾಳೆ ಎಂಬುದು ಅವನಿಗೆ ಕಂಡಿತ್ತು. ಬೇಡವೆಂದೋ, ನಿಲ್ಲೆಂದೋ ಅವನ ಎಡಗೈ ಸ್ವಲ್ಪ ಮೇಲೆದ್ದಿತು.

ಅವಳು ಹಾಳೆ ಬಿಚ್ಚಿ ಓದಿದಳು. ಮಾನ್ಯರೇ ಎನ್ನುವುದನ್ನು ಬಿಟ್ಟು, ಅಲ್ಲಿಂದ ಕೊನೆಯವರೆಗೆ, ನಿಲ್ಲಿಸದೆ. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಮಷೀನು ಅವಳ ಮೊಣಕಾಲಿನ ಪಕ್ಕದಲ್ಲೇ ಹಾಯ್ದು, ಅದರ ಹಿಂದೆ ಸಿಕ್ಕಿಕೊಂಡ ಇನ್ನೊಂದು ಬಸ್ಸು ಹಾರ್ನು ಹೊಡೆದು, ಕಾಲ ಕೆಳಗಿನ ಸಿಮೆಂಟು ನಡುಗಿತು. ಓದಿ ಮುಗಿದಾಗ ಆಚೆಯ ಮುಖಗಳೆಲ್ಲ ಮೊದಲಿನಂತೆಯೇ ನಗುತ್ತಿದ್ದವು.

"ಏನಂದಿ?" ವಿರುಪಾಕ್ಷಿ ಕಿವಿಗೆ ಕೈ ಹಚ್ಚಿದ. "ಕೇಳಿಸಲಿಲ್ಲವಾ! ಇನ್ನೊಮ್ಮೆ ಹೇಳು!"

ಅಪ್ಪ ಚೌಕಟ್ಟಿಗೆ ಸೀಮೆಸುಣ್ಣದ ತುದಿ ಒತ್ತಿ ಹಿಡಿದು, ಗೆರೆ ಎಳೆಯದೆ, ಅವಳ ಕಾಲನ್ನೇ ನೋಡುತ್ತ ನಿಂತಿದ್ದ. ಗಾಡಿಗಳ ನಡುವೆ ಒಬ್ಬಳು ಹಾಯುವಷ್ಟು ಸಂದು ತೆರೆಯಿತು. ಅವಳು ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈ ಊರಿ, ಆಚೆ ಬದಿಗೆ ಒಂದು ಕಾಲು ಇಳಿಬಿಟ್ಟಳು.